ಗಂಧ ಹಚ್ಚಿದ ಮಾರಿಸ್

ಮಾನ್ಯ ಅಧ್ಯಕ್ಷರೇ, ಈ ಸಂಜೆಯ ಸನ್ಮಾನಿತರಾದ ಸಂಜೀವಯ್ಯ ಮೇಷ್ಟ್ರೇ, ಜಯನಗರ ಹಳೇ ಮೋಟಾರು ಸಂಘದ ಹಿರಿಯರೇ, ಸಭಿಕರೇ,

ಮೊದಲಿಗೆ ಕ್ಷಮೆ ಕೇಳುತ್ತೇನೆ. ರಾಜ್ಯೋತ್ಸವದ ತಿಂಗಳಲ್ಲಿ ಮೈಕಿನ ಮುಂದೆ ನಿಲ್ಲುವಷ್ಟು ಕನ್ನಡ ನನಗಿಲ್ಲ. ಓದಿದ್ದೆಲ್ಲ ಊಟಿಯ ಹಾಸ್ಟೆಲಿನಲ್ಲಿ. ಈಗ ಎಂಜಿನಿಯರಿಂಗ್ ಮೊದಲ ವರ್ಷ. ನನ್ನ ಕನ್ನಡ ಹಾಸ್ಟೆಲ್ ಸಾರಿನ ಹಾಗೆ: ತೆಳು, ಆದರೆ ಬಿಸಿ. ಹೊರಗಿನಿಂದ ಕೇಳುತ್ತಿರುವ ಟಕಟಕ ಸದ್ದಿಗೂ ಕ್ಷಮೆ ಇರಲಿ. ಅದು ನಮ್ಮದೇ. ಆ ವಿಷಯಕ್ಕೆ ಬರುತ್ತೇನೆ.

ಸಾರಕ್ಕಿಯ ನಮ್ಮ ತಾತ ಪಿಳ್ಳಣ್ಣನವರು ಒಂದು ಮಾರಿಸ್ ಎಯ್ಟ್ ಇಟ್ಟುಕೊಂಡಿದ್ದರು. ಎರಡನೇ ಮಹಾಯುದ್ಧ ಮುಗಿದು ಇಂಗ್ಲೆಂಡಿಗೆ ಹಡಗು ಹತ್ತಿದ ಒಬ್ಬ ದೊರೆಯಿಂದ ಕೊಂಡ ಕಾರು. ಎಯ್ಟ್ ಎಂದರೆ ಎಂಟು ಕುದುರೆ. ಆದರೆ ನಿಜಕ್ಕೂ ಎಂಟೇ ಕುದುರೆಯೇ? ಅಲ್ಲ! ಆ ಕಾಲದ ಇಂಗ್ಲೆಂಡಿನ ತೆರಿಗೆಯವರು ಸಿಲಿಂಡರಿನ ಅಗಲ ಅಳೆದು ಕುದುರೆಗಳ ಲೆಕ್ಕ ಹಾಕುತ್ತಿದ್ದರು. ಕಾರು ಮಾಡುವವರೇನು ದಡ್ಡರೇ? ಸಿಲಿಂಡರನ್ನು ಕಿರಿದು ಮಾಡಿ ಉದ್ದಕ್ಕೆ ಎಳೆದರು. ತೆರಿಗೆಗೆ ಎಂಟು ಕುದುರೆ, ರಸ್ತೆಗೆ ಇಪ್ಪತ್ತರ ಮೇಲೆ. ಇದನ್ನು ನನಗೆ ಹೇಳಿಕೊಟ್ಟವರು ಮೇಷ್ಟ್ರು. ಇದೇ ಸಂಘದಲ್ಲಿ, ಇದೇ ಕುರ್ಚಿಗಳ ಮೇಲೆ ಕೂತು ಕೇಳಿದ್ದೆ.

ರಜಕ್ಕೆ ಮನೆಗೆ ಬಂದರೆ ನನಗೆ ಮಾತು ಸಿಗುತ್ತಿರಲಿಲ್ಲ. "ಏನಮ್ಮೀ, ಕಾನ್ವೆಂಟು, ಉಪ್ಪಿಗೆ ಏನಂತೀರ?" ಎಂದು ಚಿಕ್ಕಬೈರಪ್ಪ ಮಾವ ರೇಗಿಸುತ್ತಿದ್ದರು. ತಾತ ಮಾತ್ರ ಶೆಡ್ಡಿಗೆ ಕರೆದುಕೊಂಡು ಹೋಗಿ, ಕಾರಿನ ಮುಂದೆ ನಿಂತು ತಿರುಗಿಸಿ ಎಂಜಿನ್ ಎಬ್ಬಿಸುವ ಹ್ಯಾಂಡಲ್ ಕೈಗೆ ಕೊಡುತ್ತಿದ್ದರು. "ಹೆಬ್ಬೆರಳು ಸುತ್ತಬೇಡ ಮಗಾ, ಮಿಕ್ಕ ಬೆರಳ ಪಕ್ಕಕ್ಕೇ ಇಟ್ಕೊ. ಎಂಜಿನ್ ವಾಪಸ್ ಒದ್ರೆ ಕೈ ಮುರೀತದೆ." ಅವರ ಕನ್ನಡ, ನನ್ನ ಇಂಗ್ಲಿಷ್, ನಡುವೆ ಒಂದು ಎಂಜಿನ್. ಅಷ್ಟು ಸಾಕಾಗಿತ್ತು.

ಈ ಶ್ರಾವಣದಲ್ಲಿ ತಾತ ಹೋದರು. ಆಯುಧಪೂಜೆಯ ಮಾರನೆಯ ದಿನ ಕಾರು ಸ್ಟಾರ್ಟ್ ಆಗಲಿಲ್ಲ. ಎಷ್ಟು ತಿರುಗಿಸಿದರೂ ಇಲ್ಲ. ಅಜ್ಜಿ ಮುನಿವೆಂಕಟಮ್ಮ ಶೆಡ್ಡಿನ ಬಾಗಿಲಲ್ಲಿ ಕೂತುಬಿಟ್ಟರು. "ಯಜಮಾನ್ರ ಹಿಂದೇನೇ ಹೊಂಟೋಯ್ತು," ಎಂದರು. ಮಾವ ಎಂದರು: "ಸತ್ತಿದ್ದನ್ನ ಯಾಕೆ ಇಟ್ಕೋಬೇಕು? ಎಲ್ರೂ ಹೊಸ ಮಾರುತಿ ಕಾರಿಗೆ ಹೆಸರು ಬರೆಸ್ತಾವ್ರೆ. ಶೆಡ್ ಒಡೆದು ಬಾಡಿಗೆ ರೂಮು ಕಟ್ತೀನಿ. ಗುಜರಿಯವನಿಗೆ ಹೇಳಾಯ್ತು."

ನಾನು ಮೇಷ್ಟ್ರ ಬಳಿ ಓಡಿದೆ. ಮೇಷ್ಟ್ರೇ, ನಿಮಗೆ ನೆನಪಿದೆಯೇ? ನೀವು ಎಂಜಿನ್ ಬಗ್ಗೆ ಕೇಳಲೇ ಇಲ್ಲ.

"ಹಬ್ಬದ ಹಿಂದಿನ ದಿನ ಓಡ್ತಿತ್ತಾ?"

"ಓಡ್ತಿತ್ತು ಸಾರ್."

"ಪೂಜೆ ಯಾರಮ್ಮ ಮಾಡಿದ್ದು?"

ಪ್ರತಿ ವರ್ಷ ತಾತ ಮಾಡುತ್ತಿದ್ದರು. ಈ ವರ್ಷ ಮೊದಲ ಸಲ ಅಜ್ಜಿ. ತಾತ ಬಾನೆಟ್ಟಿನ ಮೇಲೆ ಕುಂಕುಮ ಇಟ್ಟು ಮುಗಿಸುತ್ತಿದ್ದರು. ಅಜ್ಜಿ ಬಾನೆಟ್ ತೆಗೆಸಿದ್ದರು. ಈ ಎಂಜಿನ್ನಿನ ವಾಲ್ವುಗಳು ಪಕ್ಕದಲ್ಲಿರುತ್ತವೆ. ಹಾಗಾಗಿ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳು ತಲೆಯ ಮೇಲೆ ಸಾಲಾಗಿ, ನೆಟ್ಟಗೆ, ಬಿಳಿ ಪಿಂಗಾಣಿ ತೊಟ್ಟು ನಿಂತಿರುತ್ತವೆ. ಅಜ್ಜಿಗೆ ಅವು ಏನಾಗಿ ಕಂಡಿರಬೇಕು ಹೇಳಿ? ನಾಲ್ಕು ಪುಟ್ಟ ಲಿಂಗಗಳು! ನಾಲ್ಕಕ್ಕೂ ಗಂಧ, ನಾಲ್ಕಕ್ಕೂ ಕುಂಕುಮ, ಮೇಲೆ ತೆಂಗಿನಕಾಯಿ ನೀರು! ಕಿಡಿ ಸೋಮಾರಿ. ಪ್ಲಗ್ಗಿನ ತುದಿಯಲ್ಲಿ ಹಾರುವ ಬದಲು ಪಿಂಗಾಣಿಯ ಮೇಲಿನ ಜಿಗುಟನ್ನೇ ದಾರಿ ಮಾಡಿಕೊಂಡು ಹೊರಗಿಂದಲೇ ಇಳಿದುಹೋಗುತ್ತಿತ್ತು.

ಹೋದ ಭಾನುವಾರ ಮೇಷ್ಟ್ರು ಸಾರಕ್ಕಿಗೆ ಬಂದರು. ಬಾನೆಟ್ ಎತ್ತಿದರು, ನೋಡಿದರು, ನಕ್ಕರು. ನಾನು ಅಜ್ಜಿಯ ಮುಖ ನೋಡಿದೆ. "ತಾಯಿ, ನೀವೇ ಕೆಡಿಸಿದ್ದು" ಎಂದು ಒಂದು ಮಾತು ಅಂದಿದ್ದರೆ ಅಜ್ಜಿ ಇನ್ನೊಮ್ಮೆ ಶೆಡ್ಡಿನೊಳಗೆ ಕಾಲಿಡುತ್ತಿರಲಿಲ್ಲ. ಮೇಷ್ಟ್ರು ಪ್ಲಗ್ಗಿನ ಗಂಧವನ್ನು ಉಗುರಿನಿಂದ ಕೆರೆದು, ಒದ್ದೆ ಮಾಡಿ, ತಮ್ಮ ಹಣೆಗೇ ಇಟ್ಟುಕೊಂಡರು.

"ಪೂಜೆ ಜೋರಾಗೇ ಮಾಡಿದ್ದೀರ ತಾಯಿ. ಪ್ರಸಾದ ಹಂಚೋದೊಂದು ಬಾಕಿ ಇತ್ತು, ಅಷ್ಟೇ."

ನನ್ನ ಹಣೆಗೂ ಬಂತು, ಮಾವನ ಹಣೆಗೂ ಬಂತು. ಉಳಿದದ್ದು ಪೆಟ್ರೋಲ್ ಬಟ್ಟೆಗೆ. ನಾನು ಹೆಬ್ಬೆರಳು ಸುತ್ತದೆ ಹ್ಯಾಂಡಲ್ ತಿರುಗಿಸಿದೆ. ಎದ್ದಿತು. ಅಜ್ಜಿ ಅತ್ತರು. ತಾತ ಹೋದಾಗ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ಇದಕ್ಕೆ ಧನ್ಯವಾದ ಎಂದರೆ ಸಾಲುತ್ತದೆಯೇ? ಇಂಗ್ಲಿಷಿನಲ್ಲೂ ಹುಡುಕಿದೆ, ಅಲ್ಲೂ ಸಿಗಲಿಲ್ಲ.

ಆದರೆ ಮಾವನ ಮಾತು ಇನ್ನೂ ಉಳಿದಿದೆ. "ಓಡಿದ್ರೆ ಓಡ್ಲಿ. ನಿಲ್ಸೋದೆಲ್ಲಿ? ಸೋಮವಾರದೊಳಗೆ ಜಾಗ ತೋರ್ಸು, ಗುಜರಿಯವನನ್ನ ವಾಪಸ್ ಕಳಿಸ್ತೀನಿ." ಇವತ್ತು ಶನಿವಾರ. ಬನಶಂಕರಿಯ ನಮ್ಮ ಸಂಘದ ಶೆಡ್ಡಿನಲ್ಲಿ ಒಂದು ಮೂಲೆ ಖಾಲಿ ಇದೆ ಎಂದು ಕೇಳಿದ್ದೇನೆ.

ಕೊನೆಯದಾಗಿ ಒಂದು ತಾಂತ್ರಿಕ ವಿಷಯ. ಈ ಕಾರಿಗೆ ನೀರಿನ ಪಂಪ್ ಇಲ್ಲ. ಬಿಸಿನೀರು ತಾನಾಗಿ ಮೇಲೇರುತ್ತದೆ, ರೇಡಿಯೇಟರಿನಲ್ಲಿ ತಣಿದು ತಾನಾಗಿ ಇಳಿಯುತ್ತದೆ. ಓಡುತ್ತಿದ್ದರೆ ಚೆನ್ನ, ನಿಂತಲ್ಲೇ ಉರಿಯುತ್ತಿದ್ದರೆ ಕುದಿಯುತ್ತದೆ. ಹೊರಗೆ ಅಜ್ಜಿ ಹಿಂದಿನ ಸೀಟಿನಲ್ಲಿ ಕೂತಿದ್ದಾರೆ. ಸ್ಟೀರಿಂಗ್ ಹಿಡಿದು ಬಂದವರು ಸ್ವತಃ ಮಾವ. ಸಾರಕ್ಕಿಯಿಂದ ಇಲ್ಲಿಯವರೆಗೂ ಬೇಕಿಲ್ಲದ ಕಡೆಯೆಲ್ಲ ಹಾರನ್ ಹೊಡೆದರು. ಎಂಜಿನ್ ಆರಿಸಲು ಅಜ್ಜಿ ಬಿಡುತ್ತಿಲ್ಲ. "ಜಾಗ ಎಲ್ಲಿ ಅಂತ ಕೇಳ್ಕೊಂಡ್ ಬಾ ಮಗಾ, ಸೀದಾ ಅಲ್ಲಿಗೇ ಹೋಗವಾ," ಎಂದಿದ್ದಾರೆ.

ಮೇಷ್ಟ್ರಿಗೆ, ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ನಿಮ್ಮೆಲ್ಲರಿಗೆ ಕೃತಜ್ಞತೆಗಳು. ಅಧ್ಯಕ್ಷರೇ, ದಯವಿಟ್ಟು ಬೇಗ ಉತ್ತರ ಹೇಳಿ, ನೀರು ಬಿಸಿಯಾಗುತ್ತಿದೆ.

ನಮಸ್ಕಾರ.