ಶಾಂತವ್ವನ ಕುರ್ಚಿ

ಅಲ್ಲ, ಮೊದಲ ಇದನ್ನ ತಲ್ಯಾಗ ಇಟಗೋರಿ, ನಾ ಈಗ ಹೇಳೂ ಕುರ್ಚಿ ನಮ್ಮದಲ್ಲ, ಬಾಜು ಮನಿ ಶಾಂತವ್ವಂದು. ಆಗ ಮನೋಳಿ ಊರಾಗ ನಮ್ಮ ಮನಿ ಅಂದ್ರ ಒಂದ ಖೋಲಿ, ಕರೆಂಟಿಲ್ಲ, ಕಂದೀಲು. ನಿಮ್ಮಜ್ಜ ಮಂದಿ ಟೆಂಪೋ ಹೊಡೀತಿದ್ರು, ರಾಮದುರ್ಗಕ್ಕ ಉಳ್ಳಾಗಡ್ಡಿ ಒಯ್ಯೂದು, ಉಳ್ಳಾಗಡ್ಡಿ ಅಲ್ಲ, ಆ ವರ್ಷ ಹತ್ತಿ, ಇರ್ಲಿ, ಏನರ ಒಯ್ದ್ರು. ನಿಮ್ಮ ಅತ್ತಿ ಶಹನಾಜ ಎಸ್ಸೆಸ್ಸೆಲ್ಸಿ ಒಳಗ ಸಾಲಿಗೇ ಮೊದಲ ಬಂದ್ಲು, ಡಾಕ್ಟರ್ ಆಗ್ತೇನಿ ಅಂತ ಹಟ. ನಮ್ಮ ಕೈಲೆ ಎಲ್ಲಿ ಆಗಬೇಕು? ನಿಮ್ಮಜ್ಜ ಆಗಲೇ ಆಕಿಗೆ ಸವದತ್ತ್ಯಾಗ ಟೇಲರ್ ಅಂಗಡ್ಯಾಗ ಗುಂಡಿ ಹಚ್ಚೂ ಕೆಲಸ ಮಾತಾಡಿ ಬಂದಿದ್ರು. ಆ ಹೊತ್ತಿನ್ಯಾಗ ಹೆಡ್‌ಮಾಸ್ತರು ಬಂದು, ಬೆಳಗಾವ್ಯಾಗ ಬಡವರ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡೋ ಟ್ರಸ್ಟ್ ಐತಿ, ಓದು ಮುಗಿಯೂತನಕ ಅವರ ನೋಡ್ಕೋತಾರ, ಶುಕ್ರವಾರ ಮನಿ ನೋಡಾಕ ಬರ್ತಾರ ಅಂತ ಹೇಳಿ ಹೋದ್ರು.

ಮನಿ ನೋಡಾಕ ಬರ್ತಾರ ಅಂದ್ರ ನಮ್ಮ ಓಣಿ ಮಂದಿಗೆ ಗೊತ್ತಿದ್ದದ್ದು ಒಂದ, ಕನ್ಯಾ ನೋಡಾಕ ಬರೂದು. ಶಾಂತವ್ವ ಸೆರಗು ಕಟ್ಟಿ ನಿಂತ್ಲು, ಓಣಿ ಮರ್ಯಾದಿ ಹೋಗಬಾರ್ದು ಅಂದ್ಲು. ತನ್ನ ಎರಡು ಕುರ್ಚಿ ತಂದ್ಲು, ಚಾಕ್ಕ ಕಪ್ಪು ಬಸಿ ತಂದ್ಲು, ಪತ್ತಾರ ಮಾನಪ್ಪನ ಟೇಬಲ್ ಫ್ಯಾನ್ ತಂದ್ಲು. ನನಗ ತನ್ನ ಇಳಕಲ್ ಸೀರಿ ಉಡಿಸಿದ್ಲು. ನಾನೂ ಬ್ಯಾಡ ಅನ್ನಲಿಲ್ಲ ಬಿಡ್ರಿ, ಕನ್ನಡ್ಯಾಗ ನೋಡ್ಕೊಂಡ ಮ್ಯಾಲ ಯಾರು ಬ್ಯಾಡ ಅಂತಾರ?

ಬಂದ್ರು, ಒಬ್ಬ ಬಿಳಿ ಕೂದಲಿನ ಸಾಹೇಬ್ರು, ಒಬ್ಬಾಕಿ ಮೇಡಂ. ಸಾಹೇಬ್ರು ಬೆವರು ಒರಸಿಕೊಂತ ಫ್ಯಾನ್ ಹಚ್ಚರಿ ಅಂದ್ರು. ನಿಮ್ಮಜ್ಜ ಮುಖ ಗಂಭೀರ ಮಾಡಿ, ಕರೆಂಟ್ ಹೋಗೇತ್ರಿ ಅಂದ್ರು. ಬಂದ ಮ್ಯಾಲ ಹಚ್ಚರಿ ಅಂದ್ರು ಸಾಹೇಬ್ರು. ಆ ಕರೆಂಟ್ ನಮ್ಮ ಮನಿಗೆ ಬಂದದ್ದು ಐದು ವರ್ಷದ ಮ್ಯಾಲ. ಮೇಡಂ ಮಾತ್ರ ಸುತ್ತ ಎಲ್ಲಾ ನೋಡಿ, ಚಾ ಕುಡದು, ಭಾಳ ಸಮಾಧಾನದಿಂದ ಹೇಳಿದ್ಲು: "ನಿಮ್ಮ ಮನಿ ಅನುಕೂಲ ಐತ್ರಿ. ನಿಮಗಿಂತ ಗರಜು ಇದ್ದ ಮಕ್ಕಳು ಭಾಳ ಅದಾರ." ಮಗಳ ಓದು ನಾವ ಕೈಯಾರೆ ಕೆಡಿಸಿದ್ವಲ್ಲ ಅಂತ ನನ್ನ ಕಣ್ಣಾಗ ನೀರು ಬಂತು, ಒರಸಾಕ ಹೋದ್ರ ಸೆರಗು ಶಾಂತವ್ವಂದು.

ಶಹನಾಜ ಎದ್ಲು. "ಸರ್, ಸ್ವಲ್ಪ ಏಳ್ರಿ" ಅಂದ್ಲು. ಅವರು ಎದ್ರು. ಕುರ್ಚಿ ಎತ್ತಿ ಹೊರಗ ನಡದ್ಲು, ಶಾಂತವ್ವನ ಮನ್ಯಾಗ ಇಟ್ಟು ಬಂದ್ಲು. ಮೇಡಂ ತಾನ ಎದ್ದು ನಿಂತ್ಲು. ಆ ಕುರ್ಚೀನೂ ಹೋತು. ಫ್ಯಾನ್ ಹೋತು. ಸಾಹೇಬ್ರ ಕೈಯಾಗಿನ ಕಪ್ಪು ಬಸಿ ಇಸ್ಕೊಂಡು, ತೊಳದು, ಅದನ್ನೂ ಕೊಟ್ಟು ಬಂದ್ಲು. ಆಮ್ಯಾಲ ಹರಕ ಚಾಪಿ ಹಾಸಿ, "ಈಗ ಕುಂತ್ರಿ ಸರ್, ಇದು ನಮ್ಮದು" ಅಂದ್ಲು. ಎಲ್ಲಾ ಮುಗೀತು ಅಂದ್ಕೊಂಡ್ರ ನನ್ನ ಕಡೆ ಹೊಳ್ಳಿ ನೋಡಿ, "ಅಮ್ಮಿ, ಸೀರಿ?" ಅಂದ್ಲು. ಅಯ್ಯ ಹುಚ್ಚಿ, ಅದನ್ನ ಅವರು ಹೋದ ಮ್ಯಾಲ ಕೊಡೂಣು ಅಂದ್ನಿ. ಮೇಡಂ ನಕ್ಕೋತ ನಕ್ಕೋತ ಚಾಪಿ ಮ್ಯಾಲ ಕುಂತ ಬಿಟ್ಲು.

ಸ್ಕಾಲರ್‌ಶಿಪ್ ಸಿಕ್ತು. ಈಗ ನಿಮ್ಮ ಅತ್ತಿ ಕಟಕೋಳದಾಗ ಡಾಕ್ಟರ್, ನಿಮಗ ಗೊತ್ತ ಐತಿ. ರಜಾ ಇದ್ದಾಗ ಆ ಟ್ರಸ್ಟಿನವರ ಪರವಾಗಿ ತಾನ ಮನಿ ನೋಡಾಕ ಹೋಗ್ತಾಳ, ಅದೂ ನಿಮಗ ಗೊತ್ತ ಐತಿ. ಗೊತ್ತಿಲ್ಲದ್ದು ಕೇಳ್ರಿ. ಇವತ್ತ ಮುಂಜಾನೆ ಶಾಂತವ್ವ ಬಂದಿದ್ಲು. ಆಕೀ ಮೊಮ್ಮಗಳೂ ಅದ ಟ್ರಸ್ಟಿಗೆ ಅರ್ಜಿ ಹಾಕ್ಯಾಳಂತ, ನಾಳೆ ಮನಿ ನೋಡಾಕ ಬರ್ತಾರಂತ, ನಮ್ಮ ಹೊಸಾ ಕುರ್ಚಿ ಕೊಡ್ರಿ ಅಂತಾಳ. ಬರಾಕಿ ಯಾರವ್ವಾ ಅಂದ್ನಿ. ನಿನ್ನ ಮಗಳ ಅಂದ್ಲು.

ಕೊಡಲಿಲ್ಲ. ಚಾಪಿ ಕೊಟ್ಟು ಕಳಿಸೇನಿ, ಅವತ್ತ ಹಾಸಿದ್ದ ಹಳೀದು. ಕೊಡಾಕ ಬಂದವರ ಮುಂದ ಇಲ್ಲದ್ದನ್ನ ಇಲ್ಲ ಅನ್ಬೇಕ್ರಪ್ಪಾ. ಏಳ್ರಿನ್ನ, ರೊಟ್ಟಿ ಆರತಾವ.