ಮೊದಲ ಸಾಲು ಓದಿದವನು

ಒಂದು ಕೋಟೆಗೆ ದಂಡು ಮುತ್ತಿಗೆ ಹಾಕಿ ಮೂರು ತಿಂಗಳಾಗಿತ್ತು. ಆ ದಂಡಿನಲ್ಲಿ ಒಬ್ಬ ಬರಹಗಾರ ಇದ್ದ. ಕತ್ತಿ ಹಿಡಿದವನಲ್ಲ, ನೋಡಿ, ಸಾಧು ಮನುಷ್ಯ. ಗುರುವನ್ನು ನೆನೆಯದೆ ಒಂದು ಗುಟುಕು ನೀರು ಕುಡಿದವನಲ್ಲ. ಕೋಟೆಯವರು ಹೊರಗಿದ್ದ ತಮ್ಮ ಕಡೆಯವರಿಗೆ ಕಳಿಸುತ್ತಿದ್ದ ಓಲೆಗಳು ದಂಡಿನವರ ಕೈಗೆ ಸಿಗುತ್ತಿದ್ದವು. ಸಿಕ್ಕಿ ಏನು ಬಂತು? ಅಕ್ಷರ ಇರಬೇಕಾದ ಕಡೆ ಬರೀ ಗುರುತುಗಳು. ಒಂದು ಗೀಟು, ಒಂದು ಸೊನ್ನೆ, ಒಂದು ಕಾಗೆಯ ಕಾಲು. ದಳವಾಯಿ ದಿನಾ ಬಂದು ಕೇಳುತ್ತಿದ್ದ, "ಏನಯ್ಯಾ, ಬಿಡಿಸಿದೆಯಾ? ಊಟ ಮಾತ್ರ ಹೊತ್ತೊತ್ತಿಗೆ ಮಾಡ್ತೀಯ!"

ಒಂದು ಬೆಳಗ್ಗೆ ಬರಹಗಾರ ತನ್ನ ತಾಯಿಗೆ ಕಾಗದ ಬರೆಯಲು ಕೂತ. ಕೈ ತನ್ನಷ್ಟಕ್ಕೆ ತಾನೇ 'ಗುರುವೇ ನೀನೇ ಗತಿ' ಎಂದು ಬರೆಯಿತು. ಅವರ ಮಠದ ಶಿಷ್ಯರೆಲ್ಲ ಹಾಗೇ. ಆ ಸಾಲಿಲ್ಲದೆ ಕಾಗದ ಶುರು ಮಾಡುವುದಿಲ್ಲ. ಬರೆದ ಕೈ ಅಲ್ಲೇ ನಿಂತಿತು. ಕೋಟೆಯ ಓಲೆಗಳೆಲ್ಲ ಅವೇ ಏಳು ಗುರುತುಗಳಿಂದ ಶುರುವಾಗುತ್ತವಲ್ಲ! ಎಣಿಸಿದ. ಏಳಕ್ಕೆ ಏಳೂ ಕೂತವು. ಆ ಏಳು ಅಕ್ಷರ ಹಿಡಿದು ಉಳಿದ ಗುರುತುಗಳನ್ನು ಒಂದೊಂದಾಗಿ ಊಹಿಸುತ್ತಾ ಹೋದ, ಮಧ್ಯಾಹ್ನದೊಳಗೆ ಓಲೆ ಪೂರ್ತಿ ಬಾಯಿ ಬಿಟ್ಟಿತು.

ಏನಿತ್ತು ಅದರಲ್ಲಿ? 'ಬಾವಿ ಬತ್ತಿದೆ. ಸೋಮವಾರ ಬೆಳಗ್ಗೆ ಹೆಂಗಸರು ಹಿಂದಿನ ದಿಡ್ಡಿ ಬಾಗಿಲಿನಿಂದ ಹೊರಗಿನ ಒರತೆಗೆ ನೀರಿಗೆ ಇಳಿಯುತ್ತಾರೆ. ಕಾವಲಿಗೆ ಬನ್ನಿ.'

ಬರಹಗಾರ ಓಲೆಯನ್ನು ಮತ್ತೊಮ್ಮೆ ಓದಿದ. ಒಳಗಿರುವವರು ತನ್ನ ಮಠದವರೇ, ತನ್ನ ಗುರುವಿನ ಮಕ್ಕಳು. ದಳವಾಯಿಗೆ ಓದಿ ಹೇಳುವುದು ಅವನ ಕೆಲಸ, ಹೇಳಿದ, ಅದನ್ನು ಒಪ್ಪೋಣ. ಓದಿ ಹೇಳಿದ ಮೇಲೆ ಒಂದು ಮಾತು ಕೇಳಬಹುದಿತ್ತಲ್ಲ? "ಬರುವವರು ಹೆಂಗಸರು. ಸೆರೆ ಹಿಡಿಯಿರಿ, ಬಾಣ ಬಿಡಬೇಡಿ." ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ದಳವಾಯಿ ತನ್ನ ಕಡಗ ಬಿಚ್ಚಿ ಅವನ ಕೈಗೆ ತೊಡಿಸಿದ. ಹತ್ತು ಜನರ ಮುಂದೆ ಭಲೇ ಎಂದ. ಮಾತು ಗಂಟಲಲ್ಲೇ ಉಳಿಯಿತು.

ಸೋಮವಾರ ಒರತೆಯ ಸುತ್ತ ಬಿಲ್ಲುಗಾರರು ಕೂತಿದ್ದರು. ನೀರಿಲ್ಲದೆ ಮರುದಿನ ಕೋಟೆ ಬಿತ್ತು.

ಸೆರೆಯಾದವರಲ್ಲಿ ಕೋಟೆಯ ಓಲೆ ಬರೆಯುತ್ತಿದ್ದ ಮುದುಕನೂ ಇದ್ದ. ಅವನೇ ಕೇಳಿದ, "ಹೇಗೆ ಬಿಡಿಸಿದಿರಿ ಸ್ವಾಮಿ?"

"ಮೊದಲ ಸಾಲಿನಿಂದ, ಯಜಮಾನರೇ."

"ಅದನ್ನ ಬರೀಬೇಡ ಅಂದ್ರು ನಮ್ಮವರು. ಗುರುವಿನ ಹೆಸರು ಬಿಡೋಕೆ ನಂಗೆ ಮನಸ್ಸಾಗಲಿಲ್ಲ. ಹಗೆಗಳಿಗೆ ಆ ಸಾಲು ಎಲ್ಲಿ ಗೊತ್ತಿರುತ್ತೆ ಅಂದ್ಕೊಂಡೆ." ಮುದುಕನ ಕಣ್ಣು ಬರಹಗಾರನ ಕೊರಳಿನ ಮಠದ ದಾರದ ಮೇಲೆ ಬಿತ್ತು. "ಓ... ನಮ್ಮವರೇ ಓದಿದ್ದಾ?" ಆ ದಾರದಿಂದ ಕಣ್ಣು ತೆಗೆಯದೆ ಅಂದ, "ಬಾಣ ಬಿದ್ದಾಗ ನನ್ನ ಸೊಸೆ ಕೊಡ ತುಂಬಿಸ್ತಾ ಇದ್ದಳಂತೆ."

ಆ ಸಂಜೆ ಬರಹಗಾರ ತಾಯಿಗೆ ಕಾಗದ ಬರೆಯಲು ಕೂತ. ಮೊದಲ ಸಾಲು ಬರೆಯಲಾಗಲಿಲ್ಲ. ಆಮೇಲೆ ಅವನು ಬದುಕಿದ್ದಷ್ಟು ದಿನವೂ ಬರೆಯಲಾಗಲಿಲ್ಲ.

ಅಯ್ಯೋ ಪಾಪಿ ಅಂತೀರಾ? ಸ್ವಲ್ಪ ತಡೀರಿ. ನಿಮ್ಮ ಓರಗಿತ್ತಿ ದೇವರ ಮುಂದೆ ಕೂತು, ನೀವು ನಮ್ಮವರು ಅಂತ ನಂಬಿ, ಕಣ್ಣೀರು ಹಾಕಿ ಒಂದು ವಿಷಯ ಹೇಳಿದ್ದಳಲ್ಲ? ಜಗಳ ಬಂದ ದಿನ ಅದನ್ನೇ ಬೀದಿಯಲ್ಲಿ ನಿಂತು ಎತ್ತಿ ಆಡಿದವರು ಯಾರು? ಭಜನೆಯಲ್ಲಿ ಪಕ್ಕ ಕೂತ ಗೆಳೆಯನ ಗುಟ್ಟನ್ನ ಕಟ್ಟೆಯಲ್ಲಿ ಬಿಚ್ಚಿ ನಗಿಸಿದವರು ಯಾರು? ಹತ್ತು ಜನ ಭಲೇ ಅಂದ್ರು ಅಂತ ತಾನೇ? ನಂಬಿದವರೇ ನಮ್ಮ ಬಾಣಕ್ಕೆ ಸುಲಭವಾಗಿ ಸಿಗೋದು. ದೂರದವರಿಗೆ ಅವರ ದಿಡ್ಡಿ ಬಾಗಿಲು ಎಲ್ಲಿ ಗೊತ್ತು?

ಇವತ್ತು ಮನೆಗೆ ಹೋಗಿ. ನಂಬಿ ಹೇಳಿದ್ದನ್ನ ಜಗಳಕ್ಕೆ ತರೋದಿಲ್ಲ ಅಂತ ಗಟ್ಟಿ ಮಾಡಿಕೊಳ್ಳಿ. ಈಗಾಗಲೇ ತಂದಿದ್ದರೆ, ಅವರ ಬಾಗಿಲಿಗೆ ಹೋಗಿ ತಪ್ಪಾಯ್ತು ಅನ್ನಿ. ಅವರು ಒಳಗೆ ಕರೆಯದಿದ್ದರೂ ಅನ್ನಿ. ನಾಳೆ ಬೆಳಗ್ಗೆ ದೀಪ ಹಚ್ಚಿ 'ಗುರುವೇ' ಅನ್ನೋದು ಅದಾದ ಮೇಲೆ.