ಕೊನೆಯ ಹತ್ತು ನಿಮಿಷದ ಬೆಳಕು

ನಾರಿನ್ ಪೇಟೆಯಲ್ಲಿ ಬೆಳಗಿನಿಂದಲೂ ಹಿಮ ಬೆರೆತ ಮಳೆ ಜಡಿಯುತ್ತಿತ್ತು. ಕಣಿವೆಯ ಕಡೆ ಹೋಗುವ ವ್ಯಾನು ಹೊರಡುವ ಲಕ್ಷಣವೇ ಇರಲಿಲ್ಲ. ಚಾಲಕ ಮಿರ್ಲಾನ್ ಗಾಡಿಯನ್ನು ಬೀದಿಯಲ್ಲೇ ಬಿಟ್ಟು, ಶರ್ಶೆನ್‌ನ ಬೇಟೆ ಸಾಮಾನಿನ ಅಂಗಡಿಗೆ ಬಂದು ಒಲೆಯ ಪಕ್ಕ ಠಿಕಾಣಿ ಹೂಡಿದ್ದ. ಒಲೆಯ ಇನ್ನೊಂದು ಮಗ್ಗುಲಲ್ಲಿ ಬೆಯ್ಶೆನ್ ಅತಾ ಕೂತಿದ್ದರು. ಪೇಟೆಗೆಲ್ಲ ಅಜ್ಜನಾದ ಈ ಮುದುಕರು ಒಂದು ಕಾಲದಲ್ಲಿ ಹೆಸರಾದ ಬೇಟೆಗಾರ. ಈಗ ದಿನಾ ಸಂಜೆ ಇಲ್ಲಿಗೆ ಬಂದು, ಕಿಟಕಿಗೆ ಬೆನ್ನು ಮಾಡಿ, ತೊಡೆಯ ಮೇಲೊಂದು ಬಟ್ಟೆಗಂಟು ಇಟ್ಟುಕೊಂಡು ಕೂರುತ್ತಿದ್ದರು.

ಕುರಿಗಾಹಿ ಕುಬಾತ್ ಬಂದಿದ್ದು ಬಂದೂಕಿಗೆ ದುರ್ಬೀನು ಕೊಳ್ಳಲು. ಅಂಗಡಿಯ ಮೇಜಿನ ಮೇಲೆ ಎರಡಿದ್ದವು. ಒಂದು ತೆಳ್ಳಗೆ, ಪುಟ್ಟದು. ಇನ್ನೊಂದರ ಮೂತಿ ಚಹಾದ ಬಟ್ಟಲಿನಷ್ಟು ಅಗಲ.

"ನೋಡು ತಮ್ಮ," ಎಂದ ಶರ್ಶೆನ್. "ಈ ದೊಡ್ಡದರ ಮುಂದಿನ ಗಾಜು ಐವತ್ತಾರು ಮಿಲಿಮೀಟರು. ತೋರಿಸೋದು ಎಂಟು ಪಟ್ಟು. ಭಾಗಿಸು, ಏಳು ಬಂತಾ? ಕತ್ತಲಾಗ್ತಾ ನಿನ್ನ ಕಣ್ಣಿನ ಪಾಪೆ ಅರಳೋದೂ ಹೆಚ್ಚೂಕಡಿಮೆ ಅಷ್ಟೇ. ಒಂದು ಹನಿ ಬೆಳಕೂ ಪೋಲಾಗಲ್ಲ. ಚಿಕ್ಕದು ಹಗಲಿಗೆ ಸರಿ, ಸಂಜೆ ಹತ್ತು ನಿಮಿಷ ಮುಂಚೇನೇ ಬಾಗಿಲು ಹಾಕ್ಕೊಂಡುಬಿಡುತ್ತೆ."

"ನನ್ನ ತೋಳಗಳು ಬರೋದೂ ಅದೇ ಹತ್ತು ನಿಮಿಷದಲ್ಲಿ," ಎಂದ ಕುಬಾತ್.

"ಬಹಳ ಮರ್ಯಾದೆಯ ತೋಳಗಳಪ್ಪ," ಎಂದು ಮಿರ್ಲಾನ್ ನಕ್ಕ. "ನೀನು ಕುರುಡಾಗೋವರೆಗೂ ಕಾದು ಬರ್ತಾವೆ."

ಕುಬಾತ್ ನಗಲಿಲ್ಲ. ಕಳೆದ ಚಳಿಗಾಲದಲ್ಲಿ ಅವನ ಮಂದೆಯಿಂದ ಹತ್ತೊಂಬತ್ತು ಕುರಿ ಹೋಗಿದ್ದವು. ಈ ಸಲವೂ ಹಾಗಾದರೆ ಮಂದೆ ಮಾರಿ, ಬೆಟ್ಟದ ಮೇಲಿನ ಕುರಿಗಾಹಿ ಬೀಡು ಬಿಡಬೇಕಾಗುತ್ತಿತ್ತು. ಮಕ್ಕಳ ಶಾಲೆಗಾಗಿ ಹೆಂಡತಿ ಪೇಟೆಯಲ್ಲಿ ಉಳಿಯುತ್ತಿದ್ದಳು, ಹಿಮ ಬಿದ್ದ ಮೇಲೆ ಅಲ್ಲಿ ಅವನು, ಕುರಿ, ನಾಯಿ, ಅಷ್ಟೇ. ಒಮ್ಮೆ ಐವತ್ತೊಂದು ದಿನ ಇನ್ನೊಬ್ಬ ಮನುಷ್ಯನ ಮುಖವನ್ನೇ ನೋಡಿರಲಿಲ್ಲ. ಕೊನೆಗೆ ತನ್ನ ದನಿ ಕೇಳಿ ತಾನೇ ಬೆಚ್ಚಿಬಿದ್ದಿದ್ದ. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

"ಯಾವ ಬೀಡಪ್ಪ ನಿನ್ನದು?" ಮುದುಕರು ಮೊದಲ ಬಾರಿ ಬಾಯಿ ಬಿಟ್ಟರು.

"ಕಾರಾ-ಸಾಯ್, ಅತಾ. ಎರಡು ವರ್ಷ ಆಯ್ತು."

ತುಟಿಯ ಹತ್ತಿರ ಒಯ್ದಿದ್ದ ಬಟ್ಟಲು ಅಲ್ಲೇ ನಿಂತಿತು. "ಹಾಗಾದ್ರೆ ಚಿಕ್ಕದು ತಗೋ," ಎಂದರು ಮುದುಕರು.

"ಅತಾ, ನನ್ನ ವ್ಯಾಪಾರಕ್ಕೆ ಕಲ್ಲು ಹಾಕ್ಬೇಡಿ," ಎಂದ ಶರ್ಶೆನ್.

"ನೀನು ಸುಮ್ನಿರೋ. ದಿನಾ ನಿನ್ನ ಉಪ್ಪು ಚಹಾ ಕುಡೀತೀನಿ ಅಂತ ನಿನ್ನ ಸುಳ್ಳಿಗೆಲ್ಲ ತಲೆ ಆಡಿಸ್ಬೇಕಾ? ಬನ್ನಿ, ಹತ್ತಿರ ಕೂತ್ಕೊಳ್ಳಿ. ಹೇಗೂ ಗಾಡಿ ಹೊರಡಲ್ಲ, ಮಳೆ ನಿಲ್ಲಲ್ಲ."

ಕುಬಾತ್ ಸ್ಟೂಲು ಎಳೆದುಕೊಂಡ. ಶರ್ಶೆನ್ ಗೊಣಗುತ್ತಲೇ ಒಲೆಗೆ ಕಲ್ಲಿದ್ದಲು ಹಾಕಿದ. ಮುದುಕರು ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಶುರುಮಾಡಿದರು.

"ಆಗ ನನಗೆ ಮೂವತ್ತು ವರ್ಷ, ಸೋವಿಯತ್ ಸರ್ಕಾರದ ಸಾಮೂಹಿಕ ಫಾರ್ಮಿನ ಕಾಲ. ಜರ್ಮನಿಯಲ್ಲಿ ಸೈನ್ಯದಲ್ಲಿದ್ದ ನನ್ನ ಭಾವಮೈದ ಬರ್ತಾ ಒಂದು ದುರ್ಬೀನು ತಂದ. ಇಷ್ಟೇ ದಪ್ಪ ಮೂತಿ, ಇದೇ ಐವತ್ತಾರು. ಅಂಥದ್ದು ಈ ಸೀಮೆಯಲ್ಲೇ ಇರಲಿಲ್ಲ ಅನ್ನಿ. ಉಳಿದ ಬೇಟೆಗಾರರು ಸಂಜೆ ಆಯ್ತು, ಇನ್ನು ಕಾಣಲ್ಲ ಅಂತ ಬಂದೂಕು ಹೆಗಲಿಗೇರಿಸಿಕೊಂಡು ಮನೆ ಕಡೆ ಹೊರಟ ಮೇಲೆ, ನನಗೆ ಮಾತ್ರ ಇನ್ನೂ ಹತ್ತು ನಿಮಿಷ ಉಳೀತಿತ್ತು... ಯಾರ ಪಾಲಿಗೂ ಇಲ್ಲದ ಹತ್ತು ನಿಮಿಷ. ಸೊಕ್ಕು ಬರದೇ ಇರುತ್ತಾ? ಬಂತು. ಇಡೀ ಬೆಟ್ಟ ನನ್ನದೇ ಅನ್ನಿಸ್ತು.

"ಆ ವರ್ಷ ಹಿಮ ಬೇಗ ಬಿತ್ತು. ಒಂದು ಸಂಜೆ ಕಾರಾ-ಸಾಯ್ ಮೇಲಿನ ಬಂಡೆ ಸಾಲಲ್ಲಿ ಒಂದು ಕಾಡುಮೇಕೆ ಬಂತು. ಒಳ್ಳೇ ಗಂಡು, ಕೊಂಬು ಇಷ್ಟುದ್ದ. ಬರಿಗಣ್ಣಿಗೆ ಬಂಡೆ ಯಾವುದು ಮೇಕೆ ಯಾವುದು ತಿಳೀದು, ಗಾಜಲ್ಲಿ ಗಡ್ಡದ ಕೂದಲೂ ಕಾಣ್ತಿತ್ತು. ಹೊಡೆದೆ. ಒಂದೇ ಗುಂಡು. ಪರವಾನಗಿ ಇತ್ತಾ? ಇರಲಿಲ್ಲ. ಮಾಂಸ ಮೂಟೆ ಕಟ್ಟಿ, ಮೇಲೆ ಕಂಬಳಿ ಹೊದೆಸಿ, ಕುದುರೆ ನಡೆಸಿಕೊಂಡು ಇಳೀತಾ ಇದ್ದೀನಿ... ದಾರಿ ತಿರುವಲ್ಲಿ ಬೂದು ಕುದುರೆ ಮೇಲೆ ಒಬ್ಬ ನಿಂತಿದ್ದ. ಮುಖ ಕಾಣಲ್ಲ. ಸಲಾಮ್ ಹೇಳಿದ. ನಾನೂ ಹೇಳಿದೆ. ಆಮೇಲೆ ಒಂದೇ ಮಾತು ಅಂದ. ಶಿರಾಲ್ಗಾ."

ಯಾರಿಗೂ ಅದರ ಅರ್ಥ ಹೇಳಬೇಕಿರಲಿಲ್ಲ. ಬೇಟೆಯಿಂದ ಬರುವವನಿಗೆ ಎದುರಾದವನು ಆ ಒಂದು ಮಾತು ಅಂದರೆ ಸಾಕು, ಮಾಂಸದಲ್ಲಿ ಅವನಿಗೆ ಪಾಲುಂಟು. ಗುರುತಿದ್ದರೂ ಇಲ್ಲದಿದ್ದರೂ, ಶತ್ರುವಾದರೂ.

"ಹೇಳಿ ನೋಡೋಣ," ಎಂದರು ಮುದುಕರು. "ಆ ಮಾತು ಇರೋದು ಯಾತಕ್ಕೆ? ಹಸಿದವನು ಹಸಿವು ಅಂತ ಬಾಯಿಬಿಟ್ಟು ಹೇಳಬಾರದು ಅಂತ. ಭಿಕ್ಷೆ ಅನ್ನಿಸಿಕೊಳ್ಳದೆ ಮನುಷ್ಯ ಮಾನವಾಗಿ ಉಣ್ಣಲಿ ಅಂತ. ಅದು ನನಗೆ ಗೊತ್ತಿರಲಿಲ್ವಾ? ನನ್ನಪ್ಪ ಕಲಿಸಿರಲಿಲ್ವಾ? ಆದರೆ ಆವಾಗ ಊರಲ್ಲಿ ಒಂದು ಗುಲ್ಲು. ಹೊಸ ಅರಣ್ಯ ಕಾವಲುಗಾರ ಬಂದಿದ್ದಾನೆ, ಬೂದು ಕುದುರೆ ಮೇಲೆ ಓಡಾಡ್ತಾನೆ, ಶಿರಾಲ್ಗಾ ಅಂತ ಕೇಳ್ತಾನೆ, ಕೊಡೋಕೆ ಮೂಟೆ ಬಿಚ್ಚಿದ್ಯೋ ಅಲ್ಲೇ ಕೈ ಹಿಡೀತಾನೆ ಅಂತ. ನಾನು ಹೆದರಿದೆ. ಅಂದುಬಿಟ್ಟೆ... ಬರಿಗೈಲಿ ಬರ್ತಿದ್ದೀನಿ ಅಣ್ಣ, ಇವತ್ತು ಏನೂ ಸಿಗಲಿಲ್ಲ.

"ಅವನ ಕುದುರೆಗೆ ರಕ್ತದ ವಾಸನೆ ಬಡಿದು ಬುಸುಗುಟ್ಟಿತು. ಕುದುರೆ ಸುಳ್ಳು ಹೇಳುತ್ತಾ? ಅವನು ನನ್ನ ಕಂಬಳಿ ಕಡೆ ಒಂದು ಗಳಿಗೆ ನೋಡಿದ. ಮತ್ತೆ ಕೇಳಲಿಲ್ಲ. ಆ ಮಾತನ್ನ ಎರಡನೇ ಸಲ ಯಾವ ಗಂಡಸೂ ಕೇಳಲ್ಲ. ನಿನ್ನ ದಾರಿ ಬೆಳ್ಳಗಿರಲಿ ಅಂತ ಹರಸಿದ... ಕುದುರೆ ತಿರುಗಿಸಿಕೊಂಡು ಮೇಲಕ್ಕೆ ಹೋದ. ನಾನು ಇಳಿದು ಬಂದು, ಅಬ್ಬ ಪಾರಾದೆ ಅಂತ ಹೊಟ್ಟೆ ತುಂಬಾ ಮಾಂಸ ಉಂಡೆ.

"ಆರನೇ ದಿನ ಸುದ್ದಿ ಬಂತು. ಕಾರಾ-ಸಾಯ್ ಬೀಡಲ್ಲಿ ಜುಮಾಶ್ ಅನ್ನೋ ಕುರಿಗಾಹಿ ಇದ್ದ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಹಿಟ್ಟು ತರೋ ಲಾರಿ ಹಿಮಕ್ಕೆ ಸಿಕ್ಕು ಬಂದಿರಲಿಲ್ಲ. ಫಾರ್ಮಿನ ಕುರಿ ಕೊಯ್ದರೆ ಜೈಲು, ಕೊಯ್ದಿರಲಿಲ್ಲ. ಎಣಿಸಿದರೆ ಕುರಿ ಒಂದೂ ಕಡಿಮೆ ಇರಲಿಲ್ಲ ಕಣ್ರಪ್ಪ. ಅವನೊಬ್ಬ ಇರಲಿಲ್ಲ, ಬೀಡಿನ ಬಾಗಿಲ ಹತ್ತಿರ ಹಿಮದಲ್ಲಿ ಕೂತೇ ಸತ್ತಿದ್ದ. ಪಕ್ಕದಲ್ಲಿ ಬೂದು ಕುದುರೆ. ಅವನು ಯಾಕೆ ಆ ಸಂಜೆ ದಾರಿಗೆ ಬಂದಿದ್ದ ಗೊತ್ತಾ? ನನ್ನ ಗುಂಡಿನ ಸದ್ದು ಕೇಳಿ. ಸದ್ದು ಅಂದ್ರೆ ಬೇಟೆ, ಬೇಟೆ ಅಂದ್ರೆ ಪಾಲು. ಆ ಬೆಟ್ಟದಲ್ಲಿ ಅವನನ್ನ ಕರೆದವನೇ ನಾನು... ಕರೆದು, ಇಲ್ಲ ಅಂದೆ."

ಮಿರ್ಲಾನ್ ಈಗ ನಗುತ್ತಿರಲಿಲ್ಲ. ಕುಬಾತ್ ತನ್ನ ಬೀಡಿನ ಆ ಬಾಗಿಲನ್ನು ನೆನೆದ. ಹೊಸ್ತಿಲ ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಅವನೂ ಸಂಜೆ ಕೂರುತ್ತಿದ್ದ. ಬೇರೆಯವರಾಗಿದ್ದರೆ ಬೇಟೆಗಾರನ ಬಗ್ಗೆ ಯೋಚಿಸುತ್ತಿದ್ದರೇನೋ. ಅವನಿಗೆ ಮಾತ್ರ ಬರಿಗೈಲಿ ಮೇಲಕ್ಕೆ ಹೋದವನೇ ಕಣ್ಣ ಮುಂದೆ ಬಂದ.

"ಮುಂದಿನ ಚಳಿಗಾಲ ಅದೇ ಬಂಡೆ ಸಾಲಿಗೆ ಹೋದೆ. ಸಂಜೆ, ಕೊನೆಯ ಬೆಳಕು. ಗಾಜಿಗೆ ಕಣ್ಣಿಟ್ಟರೆ ಎದುರು ದಿಣ್ಣೆ ಮೇಲೆ ಸವಾರ! ಕಣ್ಣು ತೆಗೆದರೆ ಏನೂ ಇಲ್ಲ. ಇಟ್ಟರೆ ಇದ್ದಾನೆ. ಗೆಳೆಯನ ಹತ್ತಿರ ಚಿಕ್ಕ ದುರ್ಬೀನು ಇತ್ತು, ಇಸ್ಕೊಂಡು ನೋಡಿದೆ. ಬರೀ ಕತ್ತಲೆ. ಈ ಶರ್ಶೆನ್‌ನನ್ನ ಕೇಳಿ, ಅವನಿಗೆ ಇದೊಂದಾದರೂ ಸರಿಯಾಗಿ ಗೊತ್ತು. ಗಾಜು ಬೆಳಕನ್ನ ಹುಟ್ಟಿಸುತ್ತೇನೋ?"

"ಇಲ್ಲ ಅತಾ," ಎಂದ ಶರ್ಶೆನ್ ಮೆಲ್ಲಗೆ. "ಇರೋದನ್ನ ಕೂಡಿಸಿ ಕೊಡುತ್ತೆ."

"ಹಾಂ. ಇರೋದನ್ನೇ! ಹಾಗಾದ್ರೆ ಅವನಿದ್ದ ಅಂತ ಆಯ್ತಲ್ಲ? ಬಂಡೆ ಮೇಲೆ ಮಾಂಸ ಇಟ್ಟು ಬಂದೆ, ಕಾಗೆ ತಿಂದವು. ಪಾಲು ಅಂದ್ರೆ ಕೈಯಿಂದ ಕೈಗೆ ಕೊಡ್ಬೇಕು, ನಾಯಿಗೆ ಹಾಕಿದ ಹಾಗೆ ಇಟ್ಟು ಹೋಗೋದಲ್ಲ. ಸರಿ, ಕೈಯಲ್ಲೇ ಕೊಡ್ತೀನಿ ಅಂತ ಒಂದು ಸಂಜೆ ಹೋದೆ. ಅವನು ಐವತ್ತು ಹೆಜ್ಜೆ ದೂರದಲ್ಲಿದ್ದ. ಆದರೆ ನೋಡಬೇಕು ಅಂದ್ರೆ ಬಂದೂಕು ಎತ್ತಬೇಕು. ಎತ್ತಿದರೆ ನಳಿಗೆ ಅವನ ಎದೆಗೇ! ಬಂದೂಕು ಗುರಿ ಹಿಡಿದು, ತಗೋ ಅಣ್ಣ ಮಾಂಸ, ಅಂದ್ರೆ ಯಾವನು ತಗೋತಾನೆ? ಅವನು ಮುಖ ತಿರುಗಿಸಿಬಿಟ್ಟ. ದುರ್ಬೀನು ಬಿಚ್ಚಿ ಕೈಯಲ್ಲಿ ಹಿಡಿದು ಮತ್ತೆ ಹೋದೆ... ಬುದ್ಧಿ ಬರೋ ಹೊತ್ತಿಗೆ ತಡವಾಗಿತ್ತು. ಆಮೇಲೆ ಅವನು ಹತ್ತಿರ ಬರಲೇ ಇಲ್ಲ. ದೂರದ ದಿಣ್ಣೆ ಮೇಲೆ ಬೆನ್ನು ಹಾಕಿ ನಿಂತಿರ್ತಿದ್ದ. ಎಷ್ಟು ವರ್ಷ ಹೋದೆ ಅಂತೀರಿ? ಇಪ್ಪತ್ತು. ಬೇಟೆಗಲ್ಲ, ಅವನನ್ನ ನೋಡೋಕೆ. ಹೆಂಡತಿಗೆ ಹೇಳಲಾರೆ, ಮಸೀದಿಯ ಗುರುಗಳಿಗೆ ಹೇಳಲಾರೆ. ನನ್ನ ತಪ್ಪು ಗೊತ್ತಿದ್ದವನು ಈ ಲೋಕದಲ್ಲಿ ಅವನೊಬ್ಬನೇ. ನಿಜ ಹೇಳಬೇಕು ಅಂದ್ರೆ, ಒಂದು ಥರ ಅವನೇ ನನಗೆ ಜೊತೆ ಆಗಿಬಿಟ್ಟಿದ್ದ.

"ಆಮೇಲೆ ಕಣ್ಣಿಗೆ ಪೊರೆ ಬಂತು. ಗಾಜಲ್ಲೂ ಕಾಣದಾದ. ಮುಪ್ಪು ನನ್ನನ್ನ ಕ್ಷಮಿಸಿತು ಅಂದುಕೊಂಡೆ. ಈ ವಸಂತದಲ್ಲಿ ಸೊಸೆ ಹಟಮಾಡಿ ಬಿಷ್ಕೆಕ್‌ಗೆ ಕರೆದುಕೊಂಡು ಹೋಗಿ ಪೊರೆ ತೆಗೆಸಿದಳು. ಡಾಕ್ಟರಮ್ಮ, ಒಳಗೆ ಹೊಸ ಗಾಜು ಕೂರಿಸಿದ್ದೀವಿ ಅಜ್ಜ, ಇನ್ನು ಸಂಜೆಯೂ ಚೆನ್ನಾಗಿ ಕಾಣುತ್ತೆ ಅಂದಳು. ವಾಪಸು ಬರ್ತಾ ಕಣಿವೆ ದಾರಿಯಲ್ಲಿ ಹೊತ್ತು ಮುಳುಗ್ತಿತ್ತು. ಗಾಡಿ ಕಿಟಕಿಯ ಪಕ್ಕಕ್ಕೇ... ಬೂದು ಕುದುರೆ. ದುರ್ಬೀನು ಬೇಡ, ಬಂದೂಕು ಬೇಡ. ಈಗ ನನ್ನ ಎರಡೂ ಕೈ ಖಾಲಿ, ತಿಳೀತಾ? ಆವತ್ತಿನಿಂದ ಅವನು ದಿನಕ್ಕಿಷ್ಟು ಹತ್ತಿರ ಬರ್ತಿದ್ದಾನೆ. ನಾನು ದಿನಾ ಮಾಂಸ ಬೇಯಿಸಿಕೊಂಡು ಬರ್ತೀನಿ. ಕೂರ್ತೀನಿ. ಕಿಟಕಿ ಕಡೆ ತಿರುಗೋಕೆ ಧೈರ್ಯ ಸಾಲದು, ಗಂಟು ವಾಪಸು ಹೊತ್ತುಕೊಂಡು ಹೋಗ್ತೀನಿ. ಇವತ್ತು ಈ ಹುಡುಗ ಬಂದು ಕಾರಾ-ಸಾಯ್ ಅಂದ. ಇನ್ನೆಷ್ಟು ದಿನ ಬೆನ್ನು ಮಾಡಿ ಕೂರಲಿ?"

ಹೊರಗೆ ಬೆಳಕು ಬೂದಿಯ ಬಣ್ಣಕ್ಕೆ ಇಳಿದಿತ್ತು. ಮುದುಕರು ಎದ್ದರು. ಟೋಪಿ ಸರಿಪಡಿಸಿಕೊಂಡು, ಗಂಟು ಹಿಡಿದು, ಬಾಗಿಲು ತೆಗೆದು ಮಳೆಗೆ ಇಳಿದರು. "ಅತಾ, ಶೀತ ಆಗುತ್ತೆ," ಎಂದು ಎದ್ದ ಮಿರ್ಲಾನ್‌ನ ತೋಳನ್ನು ಕುಬಾತ್ ಹಿಡಿದು ಕೂರಿಸಿದ.

ಕಿಟಕಿಯಿಂದ ನೋಡಿದರೆ ಬೀದಿಯಾಚೆ ಮುದುಕರೊಬ್ಬರೇ, ಅಷ್ಟೇ. ಎಡಗೈ ಎದೆಯ ಮೇಲಿಟ್ಟು ಬಲಗೈಯಲ್ಲಿ ಗಂಟನ್ನು ಮೇಲಕ್ಕೆ, ಕುದುರೆಯ ಮೇಲಿರುವವರಿಗೆ ಕೊಡುವಂತೆ, ಚಾಚಿ ನಿಂತಿದ್ದರು. ನೋಡನೋಡುತ್ತಿದ್ದಂತೆ ಅವರ ಆಕಾರವೂ ಮಸುಕಾಯಿತು.

ಕುಬಾತ್ ಮೇಜಿನ ಮೇಲಿದ್ದ ದೊಡ್ಡ ದುರ್ಬೀನನ್ನು ಕೈಗೆತ್ತಿಕೊಂಡು ಕಣ್ಣಿಗಿಟ್ಟ. ಬೀದಿ ಬೆಳ್ಳಗೆ ಎದ್ದು ಬಂತು. ಮುದುಕರ ಗಡ್ಡದ ಮೇಲಿನ ಹನಿಗಳೂ ಕಂಡವು. ಅವನು ನಿರೀಕ್ಷಿಸಿದ್ದ ಸವಾರ ಕಾಣಲಿಲ್ಲ. ಆದರೆ ಅವರ ಮುಂದೆ, ಒಂದು ಕುದುರೆಯಷ್ಟು ಜಾಗದಲ್ಲಿ, ಮಳೆಯೂ ಬೀಳುತ್ತಿರಲಿಲ್ಲ, ಹಿಮವೂ ಬೀಳುತ್ತಿರಲಿಲ್ಲ. ಮುದುಕರ ಚಾಚಿದ ಕೈ ಖಾಲಿಯಾಗಿತ್ತು.

ಬಾಗಿಲು ತೆರೆದುಕೊಂಡಿತು. ಬೆಯ್ಶೆನ್ ಅತಾ ಒಳಗೆ ಬಂದು ಒಲೆಗೆ ಕೈ ಕಾಯಿಸಿಕೊಂಡರು. ಅವರ ಕೆನ್ನೆ ಒದ್ದೆಯಾಗಿತ್ತು. ಅದೆಲ್ಲ ಮಳೆಯಲ್ಲ ಎಂದು ಮೂವರಿಗೂ ತಿಳಿಯಿತು. ಈ ಸಲ ಅವರು ಕಿಟಕಿಗೆ ಮುಖ ಮಾಡಿ ಕೂತರು.

"ತಗೊಂಡ," ಎಂದರು. "ಹೊರಟುಬಿಟ್ಟ. ಇನ್ನು ನನಗೆ ಅವನೂ ಇಲ್ಲ."

ಶರ್ಶೆನ್, ಯಾವುದನ್ನು ಕಟ್ಟಿಕೊಡಲಿ ಎಂದು ಕುಬಾತ್‌ನನ್ನು ಕೇಳಿದ.

ಕುಬಾತ್ ಕೈಯಲ್ಲಿದ್ದುದನ್ನು ಕೆಳಗಿಡಲಿಲ್ಲ. "ದೊಡ್ಡದೇ ಇರಲಿ. ಅಲ್ಲಿ ಯಾರಾದರೂ ಇದ್ದರೆ ಕಾಣಲಿ, ಅಣ್ಣ."

ಮುದುಕರು ಅವನತ್ತ ತಿರುಗಿದರು. "ಹಾಗಾದ್ರೆ ಕೇಳು ಮಗ. ತೋಳ ಆದ್ರೆ ಬಂದೂಕಿನ ಮೇಲಿಂದ ನೋಡು. ತೋಳ ಅಲ್ಲ ಅನ್ನಿಸಿದ್ರೆ ಬಿಚ್ಚಿ ಕೈಯಲ್ಲಿ ಹಿಡಿದು ನೋಡು. ಜುಮಾಶ್ ಎಲ್ಲಿಗೆ ಹೊರಟ ಅಂದ್ಕೊಂಡಿದ್ದೀಯ? ನಿನ್ನ ಬೀಡೇ ಅವನ ಬೀಡು ಅಲ್ವಾ... ಮನೆಗೆ ಹೋಗಿ ಐವತ್ತು ವರ್ಷ ಆಯ್ತಂತೆ. ಅಲ್ಲಿ ಈಗ ಯಾರಿದ್ದಾರೆ ಅಂತ ಕೇಳಿದ. ಒಬ್ಬ ಹುಡುಗ ಇದ್ದಾನೆ, ಪಾಪ, ಒಬ್ಬನೇ ಇರ್ತಾನೆ ಅಂದೆ. ಸಂಜೆ ಎರಡು ಬಟ್ಟಲು ಇಡು. ಅವನ ಚಹಾಕ್ಕೆ ಉಪ್ಪು ಸ್ವಲ್ಪ ಜಾಸ್ತಿ ಹಾಕಬೇಕಂತೆ."